ತೀವ್ರ ಪಾರ್ಶ್ವವಾಯುವಿಗೆ ರಕ್ತದ ಹೆಪ್ಪು ಹೊರತೆಗೆಯುವ ಚಿಕಿತ್ಸೆ: ವೆಚ್ಚ, ಪ್ರಯೋಜನ ಹಾಗೂ ಸರ್ಕಾರಿ ನೆರವು
(ಬ್ಯಾಕೋಡು ಹಾಗೂ ಶರಾವತಿ ಹಿನ್ನೀರಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ
ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ರಕ್ತಸಂಚಾರ ನಿಂತಾಗ ಪಾರ್ಶ್ವವಾಯು (ಲಕ್ವ) ಸಂಭವಿಸುತ್ತದೆ. ದೊಡ್ಡ ರಕ್ತನಾಳವೇ ಮುಚ್ಚಿದಲ್ಲಿ ರೋಗವು ತೀವ್ರ ಸ್ವರೂಪದ್ದಾಗಿರುತ್ತದೆ. ತೊಡೆಯ ಸಂದಿನ ಅಥವಾ ಮುಂಗೈಯ ರಕ್ತನಾಳದ ಮೂಲಕ ಸೂಕ್ಷ್ಮ ನಳಿಕೆಯನ್ನು ಮೆದುಳಿನವರೆಗೆ ಸಾಗಿಸಿ ಹೆಪ್ಪನ್ನು ಹೊರತೆಗೆಯುವ ಚಿಕಿತ್ಸೆಗೆ ಥ್ರಾಂಬೆಕ್ಟಮಿ ಎಂದು ಹೆಸರು. ಇದಕ್ಕೆ ಕ್ಯಾಥ್‌ಲ್ಯಾಬ್ ಹಾಗೂ ತರಬೇತಿ ಪಡೆದ ತಜ್ಞರು ಅವಶ್ಯವಾದ ಕಾರಣ ಚಿಕಿತ್ಸೆಯು ದುಬಾರಿಯಾಗಿರುತ್ತದೆ.

ಚಿಕಿತ್ಸೆಯ ಫಲಿತಾಂಶ
2015ರಲ್ಲಿ ಪ್ರಕಟವಾದ ಐದು ಅಂತರರಾಷ್ಟ್ರೀಯ ಅಧ್ಯಯನಗಳ 1,287 ರೋಗಿಗಳ ಮಾಹಿತಿಯನ್ನು 2016ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಲಾಯಿತು. ಮೂರು ತಿಂಗಳ ನಂತರ ದೈನಂದಿನ ಕೆಲಸಗಳನ್ನು ಸ್ವತಃ ಮಾಡಿಕೊಳ್ಳಬಲ್ಲವರ ಪ್ರಮಾಣವು ಈ ಚಿಕಿತ್ಸೆ ಪಡೆದವರಲ್ಲಿ ಶೇ. 46 ಹಾಗೂ ಪಡೆಯದವರಲ್ಲಿ ಶೇ. 26.5 ಆಗಿತ್ತು. ಅಂದರೆ ಸುಮಾರು ಐವರಿಗೆ ಚಿಕಿತ್ಸೆ ನೀಡಿದಾಗ ಒಬ್ಬರು ಹೆಚ್ಚುವರಿಯಾಗಿ ಸ್ವಾವಲಂಬಿಗಳಾಗುತ್ತಾರೆ. ಆದರೆ ಎಲ್ಲ ರೋಗಿಗಳೂ ಗುಣಮುಖರಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು.

ವೆಚ್ಚ ಮತ್ತು ಪ್ರಯೋಜನ
ಚಿಕಿತ್ಸೆಯ ವೆಚ್ಚ ಒಂದು ಬಾರಿಯದು. ಅಂಗವೈಕಲ್ಯದ ವೆಚ್ಚ ಜೀವನಪರ್ಯಂತದ್ದು. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ, ಹೆಪ್ಪು ಕರಗಿಸುವ ಔಷಧಿಯೊಂದಿಗೆ ಈ ಚಿಕಿತ್ಸೆಯನ್ನೂ ನೀಡಿದಾಗ ಆಸ್ಪತ್ರೆಯ ವೆಚ್ಚ ಪ್ರತಿ ರೋಗಿಗೆ ಸುಮಾರು 17 ಸಾವಿರ ಡಾಲರ್ ಹೆಚ್ಚಾಯಿತು. ಆದರೆ ನಂತರದ ಆರೈಕೆಯ ಖರ್ಚು ಕಡಿಮೆಯಾಗುವುದರಿಂದ, ಜೀವಿತಾವಧಿಯಲ್ಲಿ ಒಟ್ಟಾರೆ ಸುಮಾರು 23 ಸಾವಿರ ಡಾಲರ್ ಉಳಿತಾಯವಾಗುವುದೆಂದು ಅಂದಾಜಿಸಲಾಯಿತು.

ಸದರಿ ಅಂಕಿಗಳನ್ನು ನಮ್ಮ ರಾಜ್ಯಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. ಅಲ್ಲಿ ಆರೈಕೆಗೆ ಸಂಬಳದ ಸಿಬ್ಬಂದಿ ಇರುತ್ತಾರೆ. ಇಲ್ಲಿ ಮನೆಯವರೇ ಆರೈಕೆ ಮಾಡುತ್ತಾರೆ. ಹಾಸಿಗೆ ಹಿಡಿದವರ ಬಳಿ ಒಬ್ಬರು ಸದಾ ಇರಬೇಕಾದಾಗ ಆ ಕುಟುಂಬವು ಎರಡು ದುಡಿಮೆಗಳನ್ನು ಕಳೆದುಕೊಳ್ಳುತ್ತದೆ. ಅಡಿಕೆ ತೋಟದ ಕೆಲಸ ಅಥವಾ ದಿನಗೂಲಿಯ ಈ ನಷ್ಟ ಯಾವುದೇ ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣುವುದಿಲ್ಲವಾದರೂ ಅದು ವೆಚ್ಚವೇ ಆಗಿರುತ್ತದೆ.

ಸಮಯದ ಮಹತ್ವ
ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಹೆಪ್ಪು ಹೊರತೆಗೆಯುವ ಚಿಕಿತ್ಸೆಯನ್ನು ಆರು ಗಂಟೆಯೊಳಗೆ ನೀಡಲಾಗುತ್ತದೆ. 2018ರ ಅಧ್ಯಯನಗಳ ನಂತರ, ಸ್ಕ್ಯಾನ್ ಆಧಾರದ ಮೇಲೆ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಅವಕಾಶವಿದೆ. ಆದಾಗ್ಯೂ ವಿಳಂಬವಾದಷ್ಟೂ ಅದೇ ಹಣಕ್ಕೆ ದೊರೆಯುವ ಪ್ರಯೋಜನ ಕಡಿಮೆಯಾಗುತ್ತದೆ.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಿಂದಾಗಿ ಬ್ಯಾಕೋಡು, ತುಮರಿ ಭಾಗದ ಜನರು ಸಾಗರಕ್ಕೆ ಬರಲು ಲಾಂಚನ್ನು ಅವಲಂಬಿಸಿದ್ದರು. ರಾತ್ರಿ ವೇಳೆ ಲಾಂಚ್ ಸಂಚಾರವಿರಲಿಲ್ಲ. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸುಮಾರು 2.44 ಕಿ.ಮೀ. ಉದ್ದದ ಸೇತುವೆಯು 14-07-2025ರಂದು ಉದ್ಘಾಟನೆಗೊಂಡ ನಂತರ ಈ ಅಡಚಣೆ ನಿವಾರಣೆಯಾಗಿದೆ. ಆದರೂ ಸಾಗರದಿಂದ ಶಿವಮೊಗ್ಗಕ್ಕೆ 70 ಕಿ.ಮೀ.ಗೂ ಹೆಚ್ಚಿನ ಪ್ರಯಾಣವಿರುವುದರಿಂದ ಮನೆಯಲ್ಲಿ ವಿಳಂಬ ಮಾಡಬಾರದು.

ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು
1. ಮುಖ ವಾರೆಯಾಗುವುದು, ಒಂದು ಬದಿಯ ಕೈ ಅಥವಾ ಕಾಲು ಬಲಹೀನವಾಗುವುದು, ಮಾತು ತೊದಲುವುದು ಕಂಡುಬಂದ ಕೂಡಲೇ 108ಕ್ಕೆ ಕರೆ ಮಾಡುವುದು.
2. ರೋಗಿಯು ಕೊನೆಯದಾಗಿ ಯಾವ ಗಂಟೆಗೆ ಸರಿಯಾಗಿದ್ದರು ಎಂಬುದನ್ನು ಬರೆದಿಟ್ಟುಕೊಳ್ಳುವುದು. ನಿದ್ರೆಯಿಂದ ಎದ್ದಾಗ ಲಕ್ಷಣ ಕಂಡಲ್ಲಿ ಮಲಗುವ ಮುನ್ನ ಸರಿಯಾಗಿದ್ದ ಸಮಯವನ್ನು ತಿಳಿಸುವುದು.
3. ಬಾಯಿಗೆ ನೀರು, ಆಹಾರ ಅಥವಾ ಮಾತ್ರೆ ಹಾಕಬಾರದು. ರಕ್ತಸ್ರಾವದಿಂದಲೂ ಪಾರ್ಶ್ವವಾಯು ಬರಬಹುದಾದ್ದರಿಂದ ಸಿ.ಟಿ. ಸ್ಕ್ಯಾನ್ ಆಗುವ ಮೊದಲು ಆಸ್ಪಿರಿನ್ ನೀಡಬಾರದು.
4. ನಾಟಿ ಔಷಧಿ, ಮಾಲೀಸು ಇತ್ಯಾದಿಗಳಿಗಾಗಿ ಮೊದಲ ಗಂಟೆಗಳನ್ನು ಕಳೆಯಬಾರದು.
5. ಸಿ.ಟಿ. ಸ್ಕ್ಯಾನ್ ಮತ್ತು ತಜ್ಞರು ಲಭ್ಯವಿರುವ ಆಸ್ಪತ್ರೆಯನ್ನು ದೂರವಾಣಿ ಮೂಲಕ ಮುಂಚಿತವಾಗಿ ಖಚಿತಪಡಿಸಿಕೊಳ್ಳುವುದು. ಇದಕ್ಕಾಗಿ ಹೊರಡುವುದನ್ನು ತಡಮಾಡಬಾರದು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು
ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ನೆರವು ಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಯೋಜನೆಯ ನಿಗದಿತ ದರದ ಶೇ. 30ರಷ್ಟು, ವಾರ್ಷಿಕ ಗರಿಷ್ಠ ರೂ. 1.5 ಲಕ್ಷದವರೆಗೆ ಸರ್ಕಾರ ಭರಿಸುತ್ತದೆ. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ದಾಖಲಾಗಬಹುದು. ವೈದ್ಯರು ಸೂಚಿಸಿದ ಚಿಕಿತ್ಸೆ ಆ ಆಸ್ಪತ್ರೆಯಲ್ಲಿ ಯೋಜನೆಯಡಿ ಲಭ್ಯವಿದೆಯೇ ಎಂಬುದನ್ನು ಅಲ್ಲಿನ ಆರೋಗ್ಯ ಮಿತ್ರರಿಂದ ದಾಖಲಾಗುವ ವೇಳೆಯಲ್ಲಿಯೇ ತಿಳಿದುಕೊಳ್ಳತಕ್ಕದ್ದು.

ಅಗತ್ಯ ದಾಖಲೆಗಳು: ರೋಗಿಯ ಆಧಾರ್ ಕಾರ್ಡ್, ಪಡಿತರ ಚೀಟಿ, ಯೋಜನೆಯ ಆರೋಗ್ಯ ಕಾರ್ಡ್ (ಇದ್ದಲ್ಲಿ), ಹಿಂದಿನ ಚಿಕಿತ್ಸೆಯ ಚೀಟಿಗಳು.

ವಿಶೇಷ ಸೂಚನೆ: ದಾಖಲೆಗಳನ್ನು ಹುಡುಕುವ ಸಲುವಾಗಿ ರೋಗಿಯನ್ನು ಸಾಗಿಸುವುದನ್ನು ತಡಮಾಡಬಾರದು. ರೋಗಿಯನ್ನು ಮೊದಲು ಕಳುಹಿಸಿ, ದಾಖಲೆಗಳನ್ನು ಕುಟುಂಬದ ಇನ್ನೊಬ್ಬ ಸದಸ್ಯರು ಹಿಂದಿನಿಂದ ತರುವುದು. ಯೋಜನೆಯ ಮಾಹಿತಿಗಾಗಿ ಸಹಾಯವಾಣಿ 14555ನ್ನು ಸಂಪರ್ಕಿಸಬಹುದಾಗಿದೆ.