ಕ್ವಿಕ್ ರಿಲೀಸ್ ಪ್ಲೇಟ್

ಕ್ವಿಕ್ ರಿಲೀಸ್ ಪ್ಲೇಟ್ ಎಂಬುದು ಕ್ಯಾಮೆರಾವನ್ನು ಟ್ರೈಪಾಡ್ ಹೆಡ್‌ಗೆ ಬೇಗನೆ ಜೋಡಿಸಲು ಮತ್ತು ಅಷ್ಟೇ ಬೇಗನೆ ಬಿಡಿಸಲು ಬಳಸುವ ಸಣ್ಣ ಫಲಕ. ಇದು ಸಾಮಾನ್ಯವಾಗಿ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್‌ನಿಂದ ತಯಾರಾಗಿರುತ್ತದೆ. ಫಲಕವನ್ನು ತಿರುಪುಮೊಳೆಯ ಮೂಲಕ ಕ್ಯಾಮೆರಾದ ತಳಕ್ಕೆ ಬಿಗಿಯಲಾಗುತ್ತದೆ. ಹೆಡ್‌ನ ಮೇಲಿರುವ ಕ್ಲ್ಯಾಂಪ್ ಆ ಫಲಕವನ್ನು ಹಿಡಿದುಕೊಳ್ಳುತ್ತದೆ. ಹೀಗೆ ಈ ವ್ಯವಸ್ಥೆಯಲ್ಲಿ ಎರಡು ಪ್ರತ್ಯೇಕ ಜೋಡಣೆಗಳಿವೆ. ಇವುಗಳಲ್ಲಿ ಒಂದು ಸಡಿಲವಾದರೂ ಚಿತ್ರ ಅಲುಗಬಹುದು ಅಥವಾ ಕ್ಯಾಮೆರಾ ಕೆಳಗೆ ಬೀಳಬಹುದು. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಅಗತ್ಯ.

ರಚನೆ

ಫಲಕದ ಮೇಲ್ಮೈಯಲ್ಲಿ ಕ್ಯಾಮೆರಾ ಜಾರದಂತೆ ರಬ್ಬರ್ ಅಥವಾ ಕಾರ್ಕ್ ಪದರ ಇರುತ್ತದೆ. ನಡುವಿನ ತಿರುಪುಮೊಳೆಯ ಅಳತೆಯನ್ನು ಐಎಸ್‌ಒ 1222 ಎಂಬ ಅಂತರರಾಷ್ಟ್ರೀಯ ಮಾನದಂಡ ನಿರ್ದೇಶಿಸುತ್ತದೆ. ಇದರಲ್ಲಿ ಎರಡು ಅಳತೆಗಳಿವೆ. ಮೊದಲನೆಯದು 1/4 ಇಂಚು (6.35 ಮಿ.ಮೀ.) ವ್ಯಾಸದ, ಇಂಚಿಗೆ 20 ಸುತ್ತುಗಳುಳ್ಳ ತಿರುಪು. ಬಹುತೇಕ ಕ್ಯಾಮೆರಾಗಳ ತಳದಲ್ಲಿ ಇದಕ್ಕೆ ಹೊಂದುವ ರಂಧ್ರವಿರುತ್ತದೆ. ಎರಡನೆಯದು 3/8 ಇಂಚು ವ್ಯಾಸದ, ಇಂಚಿಗೆ 16 ಸುತ್ತುಗಳುಳ್ಳ ತಿರುಪು. ಇದು ಭಾರವಾದ ಉಪಕರಣಗಳಲ್ಲಿಯೂ, ಟ್ರೈಪಾಡ್ ಕಾಲುಗಳಿಗೆ ಹೆಡ್ ಅನ್ನು ಜೋಡಿಸುವಲ್ಲಿಯೂ ಬಳಕೆಯಲ್ಲಿದೆ.

ತಿರುಪಿನ ಅಳತೆ ಏಕರೂಪವಾಗಿದ್ದರೂ ಫಲಕ ಮತ್ತು ಕ್ಲ್ಯಾಂಪ್‌ಗಳ ಆಕಾರ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಒಂದು ಸಂಸ್ಥೆಯ ಫಲಕ ಇನ್ನೊಂದರ ಹೆಡ್‌ನಲ್ಲಿ ಭದ್ರವಾಗಿ ಕೂರುತ್ತದೆ ಎಂಬ ಖಾತರಿ ಇಲ್ಲ.

ಮುಖ್ಯ ಮಾದರಿಗಳು

ಆರ್ಕಾ-ಸ್ವಿಸ್ ಮಾದರಿ: ಸ್ವಿಟ್ಜರ್‌ಲೆಂಡ್ ಮೂಲದ ಆರ್ಕಾ-ಸ್ವಿಸ್ ಸಂಸ್ಥೆಯ ವಿನ್ಯಾಸವನ್ನು ಅನುಸರಿಸುವ ಈ ಫಲಕದ ಎರಡು ಅಂಚುಗಳು ಓರೆಯಾಗಿದ್ದು, ತಳದಲ್ಲಿ ಅಗಲವಾಗಿಯೂ ಮೇಲಕ್ಕೆ ಕಿರಿದಾಗಿಯೂ ಇರುತ್ತವೆ. ತಳದ ಅಗಲ ಸುಮಾರು 38 ಮಿ.ಮೀ. ಕ್ಲ್ಯಾಂಪ್‌ನ ಎರಡು ದವಡೆಗಳು ಈ ಅಂಚುಗಳನ್ನು ಇಕ್ಕೆಲಗಳಿಂದ ಒತ್ತಿ ಹಿಡಿಯುತ್ತವೆ. ಅನೇಕ ತಯಾರಕರು ಇದನ್ನು ಅಳವಡಿಸಿಕೊಂಡಿದ್ದಾರೆ. ಆದರೂ ಅಳತೆಗಳಲ್ಲಿ ಸಣ್ಣ ವ್ಯತ್ಯಾಸಗಳಿವೆ. ತಿರುಗಿಸುವ ಗುಂಡಿಯುಳ್ಳ ಕ್ಲ್ಯಾಂಪ್ ಇಂತಹ ವ್ಯತ್ಯಾಸಕ್ಕೆ ಹೊಂದಿಕೊಳ್ಳುತ್ತದೆ. ಲಿವರ್ ಕ್ಲ್ಯಾಂಪ್‌ನ ಚಲನೆ ಸೀಮಿತವಾದುದರಿಂದ ಫಲಕ ತುಸು ಕಿರಿದಾಗಿದ್ದರೆ ಹಿಡಿತ ಸಡಿಲವಾಗಬಹುದು.

ಆರ್‌ಸಿ2 ಮಾದರಿ: ಇಟಲಿಯ ಮ್ಯಾನ್‌ಫ್ರೊಟೊ ಸಂಸ್ಥೆಯ ಈ ಮಾದರಿಯಲ್ಲಿ ಫಲಕವನ್ನು ಮೇಲಿನಿಂದ ಒತ್ತಿದಾಗ ಸ್ಪ್ರಿಂಗ್ ಇರುವ ಲಿವರ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಲಿವರ್ ಆಕಸ್ಮಿಕವಾಗಿ ತೆರೆಯದಂತೆ ಪ್ರತ್ಯೇಕ ಚಿಲಕವೂ ಇರುತ್ತದೆ.

ವಿಡಿಯೊ ಹೆಡ್‌ಗಳ ಫಲಕ: ಇವು ಉದ್ದವಾಗಿದ್ದು, ಹೆಡ್‌ನ ಮೇಲೆ ಹಿಂದೆ ಮುಂದೆ ಜಾರುತ್ತವೆ. ಇದರಿಂದ ಕ್ಯಾಮೆರಾದ ತೂಕವನ್ನು ಸಮತೋಲನಕ್ಕೆ ತರಬಹುದು. ಕೆಲವು ಫಲಕಗಳಲ್ಲಿ ಕ್ಯಾಮೆರಾ ತಿರುಗದಂತೆ ತಡೆಯುವ ಸಣ್ಣ ಕಡ್ಡಿ ಇರುತ್ತದೆ.

ಕ್ಯಾಮೆರಾಕ್ಕೆ ಬಿಗಿಯುವುದು

ಫಲಕದ ಮೇಲೆ ಲೆನ್ಸ್‌ನ ದಿಕ್ಕನ್ನು ತೋರಿಸುವ ಬಾಣದ ಗುರುತು ಇದ್ದರೆ ಅದನ್ನು ಅನುಸರಿಸಬೇಕು. ತಿರುಪನ್ನು ಮೊದಲು ಬೆರಳುಗಳಿಂದ ನೇರವಾಗಿ ತಿರುಗಿಸಿ, ಫಲಕ ಕ್ಯಾಮೆರಾದ ತಳಕ್ಕೆ ಪೂರ್ತಿಯಾಗಿ ತಾಗಿದ ಮೇಲೆ ನಾಣ್ಯ, ಅಲೆನ್ ಕೀ ಅಥವಾ ತಿರುಪಿನಲ್ಲೇ ಇರುವ ಮಡಚುವ ಉಂಗುರದಿಂದ ಬಿಗಿಗೊಳಿಸಬೇಕು. ಅತಿಯಾದ ಬಲ ಹಾಕಿದರೆ ಕ್ಯಾಮೆರಾದ ರಂಧ್ರಕ್ಕೆ ಹಾನಿಯಾಗಬಹುದು. ಬಿಗಿದ ನಂತರ ಒಂದು ಕೈಯಲ್ಲಿ ಕ್ಯಾಮೆರಾವನ್ನೂ ಇನ್ನೊಂದು ಕೈಯಲ್ಲಿ ಫಲಕವನ್ನೂ ಹಿಡಿದು ಮೆಲ್ಲಗೆ ತಿರುಚಿ ನೋಡಿದಾಗ ಫಲಕ ಅಲುಗಬಾರದು. ಉದ್ದವಾದ ಟೆಲಿಫೋಟೊ ಲೆನ್ಸ್‌ಗೆ ಸ್ವಂತ ಆಧಾರಪಾದವಿದ್ದರೆ ಫಲಕವನ್ನು ಅದಕ್ಕೇ ಜೋಡಿಸುವುದು ಸೂಕ್ತ.

ಹೆಡ್‌ಗೆ ಬಿಗಿಯುವುದು

ಫಲಕದ ಎರಡೂ ಅಂಚುಗಳು ದವಡೆಗಳ ಒಳಗೆ ಕುಳಿತಿವೆಯೇ ಎಂಬುದನ್ನು ಕಣ್ಣಾರೆ ನೋಡಿಯೇ ಕ್ಲ್ಯಾಂಪ್ ಬಿಗಿಯಬೇಕು. ಒಂದು ಅಂಚು ದವಡೆಯ ಮೇಲೆಯೇ ಉಳಿದು ಫಲಕ ಓರೆಯಾಗಿದ್ದಾಗಲೂ ಗುಂಡಿ ಬಿಗಿಯಾದಂತೆ ಕೈಗೆ ಭಾಸವಾಗಬಹುದು. ಸ್ಪ್ರಿಂಗ್ ಲಿವರ್ ಇದ್ದಲ್ಲಿ ಅದನ್ನು ಬೆರಳಿನಿಂದ ಕೊನೆಯವರೆಗೆ ತಳ್ಳಿ, ಚಿಲಕವನ್ನು ಹಾಕಬೇಕು. ಕ್ಯಾಮೆರಾದಿಂದ ಕೈ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಮೇಲಕ್ಕೆತ್ತಿ, ಪಕ್ಕಕ್ಕೂ ಎಳೆದು ನೋಡುವುದು ವಾಡಿಕೆ. ಅಲ್ಲಿಯವರೆಗೆ ಕ್ಯಾಮೆರಾದ ಪಟ್ಟಿ ಕೈಯಲ್ಲಿ ಅಥವಾ ಕೊರಳಲ್ಲಿ ಇರುವುದು ಕ್ಷೇಮ.

ಕೆಲವು ಆರ್ಕಾ-ಸ್ವಿಸ್ ಮಾದರಿಯ ಫಲಕಗಳ ತಳದ ತುದಿಗಳಲ್ಲಿ ಸಣ್ಣ ತಡೆ ತಿರುಪುಗಳಿರುತ್ತವೆ. ಕ್ಲ್ಯಾಂಪ್ ತುಸು ಸಡಿಲವಾದಾಗ ಫಲಕ ಜಾರಿ ಹೊರಬೀಳದಂತೆ ಇವು ತಡೆಯುತ್ತವೆ. ಆದರೆ ದವಡೆಗಳು ಪೂರ್ತಿ ತೆರೆದುಕೊಂಡರೆ ಇವುಗಳಿಂದ ರಕ್ಷಣೆ ಸಿಗುವುದಿಲ್ಲ.

ಸಡಿಲವಾಗುವ ಕಾರಣಗಳು

ಕ್ಯಾಮೆರಾವನ್ನು ಲಂಬ ಚಿತ್ರಕ್ಕಾಗಿ ಪಕ್ಕಕ್ಕೆ ವಾಲಿಸಿದಾಗ ತಿರುಪು ಅಡ್ಡಲಾಗುತ್ತದೆ. ಆಗ ಲೆನ್ಸ್‌ನ ಭಾರ ಕ್ಯಾಮೆರಾವನ್ನು ತಿರುಪಿನ ಸುತ್ತ ತಿರುಗಿಸಲು ಯತ್ನಿಸುತ್ತದೆ. ಯಾವ ಪಕ್ಕಕ್ಕೆ ವಾಲಿಸಲಾಗಿದೆ ಎಂಬುದರ ಮೇಲೆ ಈ ಬಲ ತಿರುಪನ್ನು ಬಿಗಿಗೊಳಿಸಲೂಬಹುದು, ಸಡಿಲಗೊಳಿಸಲೂಬಹುದು. ಕ್ಯಾಮೆರಾದ ಅಂಚಿಗೆ ತಾಗುವ ತುಟಿಯುಳ್ಳ ಫಲಕಗಳು ಈ ತಿರುಗುವಿಕೆಯನ್ನು ತಡೆಯುತ್ತವೆ. ಎಲ್ ಆಕಾರದ ಬ್ರಾಕೆಟ್ ಬಳಸಿದರೆ ಹೆಡ್ ಅನ್ನು ವಾಲಿಸದೆಯೇ ಲಂಬ ಚಿತ್ರ ತೆಗೆಯಬಹುದು; ಭಾರವೂ ಟ್ರೈಪಾಡ್‌ನ ನಡುವಿನಲ್ಲಿಯೇ ಉಳಿಯುತ್ತದೆ. ಇದಲ್ಲದೆ ರಬ್ಬರ್ ಪದರ ಒತ್ತಡಕ್ಕೆ ಕುಗ್ಗುವುದು, ಪ್ರಯಾಣದಲ್ಲಿನ ಕಂಪನ ಹಾಗೂ ಕ್ಲ್ಯಾಂಪ್‌ನಲ್ಲಿ ಸೇರಿಕೊಂಡ ಮರಳು ಅಥವಾ ಧೂಳು ಕೂಡ ಹಿಡಿತವನ್ನು ಕುಂದಿಸುತ್ತವೆ.

ನಿರ್ವಹಣೆ

ಫಲಕವನ್ನು ಕ್ಯಾಮೆರಾದಲ್ಲಿಯೇ ಬಿಟ್ಟಿರುವವರು ಪ್ರತಿ ಬಳಕೆಗೂ ಮುನ್ನ ತಿರುಪನ್ನು ಪರೀಕ್ಷಿಸಬೇಕು. ಕ್ಲ್ಯಾಂಪ್‌ನ ಒಳಭಾಗವನ್ನು ಒಣ ಕುಂಚದಿಂದ ಸ್ವಚ್ಛಗೊಳಿಸಬೇಕು. ಅಂಚು ಸವೆದ ಅಥವಾ ಬಿರುಕುಬಿಟ್ಟ ಫಲಕವನ್ನು, ವಿಶೇಷವಾಗಿ ಪ್ಲಾಸ್ಟಿಕ್‌ನದಾದರೆ, ಬದಲಾಯಿಸುವುದು ಒಳಿತು.