ತೋರಣದಿಂದ ಬೀಸಣಿಗೆಯವರೆಗೆ

ಯುಗಾದಿಯ ಪಾಡ್ಯದಿಂದ ರಾಮನವಮಿಯವರೆಗೆ ಎಣಿಸಿದರೆ ಒಂಬತ್ತು ದಿನ. ಶಾಸ್ತ್ರ ಬಲ್ಲವರು ಇದನ್ನು ವಸಂತ ನವರಾತ್ರಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಹೆಸರು ಯಾರ ಬಾಯಲ್ಲೂ ಬಂದದ್ದಿಲ್ಲ. ನಮಗೆ ಗೊತ್ತಿದ್ದದ್ದು ಇಷ್ಟೇ: ಮೊದಲ ದಿನ ಬಾಗಿಲಿಗೆ ತೋರಣ ಏರಬೇಕು, ಕೊನೆಯ ದಿನಕ್ಕೆ ಬೀಸಣಿಗೆಗಳು ಸಿದ್ಧವಿರಬೇಕು. ನಡುವೆ ಹೊಸತೊಡಕು ಬರುತ್ತಿತ್ತು. ಜಿಗಣಿ, ಆನೇಕಲ್ ಕಡೆಯವರಿಗೆ ಅದರ ಗದ್ದಲವನ್ನು ನಾನು ಹೇಳಬೇಕಾಗಿಲ್ಲ. ಆ ದಿನ ಗಂಡಸರು ಯಾವ ಕೈಗೆಲಸಕ್ಕೂ ಸಿಗುತ್ತಿರಲಿಲ್ಲ.

ತೋರಣ ಕಟ್ಟುವುದನ್ನು ನನಗೆ ಕಲಿಸಿದವರು ಅಜ್ಜಿ. ಮಾವಿನೆಲೆ ತೀರ ಎಳೆಯದಾಗಿರಬಾರದು, ಬಾಡುತ್ತದೆ. ತೀರ ಬಲಿತಿರಲೂಬಾರದು, ಮಡಿಸಿದರೆ ಮುರಿಯುತ್ತದೆ. ಬಾಳೆನಾರನ್ನು ನೆನೆಸಿ ಹೊಸೆದು, ಎಲೆಯ ತೊಟ್ಟಿನ ಕಡೆಯನ್ನು ಅದರ ಮೇಲೆ ಮಡಿಸಿ, ತೆಂಗಿನ ಗರಿಯ ಕಡ್ಡಿ ಚುಚ್ಚಬೇಕು. ನಡುನಡುವೆ ಒಂದೊಂದು ಬೇವಿನ ಕುಡಿ. ಇದಕ್ಕೆ ಅಂಟು ಬೇಡ, ಪಿನ್ನು ಬೇಡ. ಒಣಗಿದ ಮೇಲೆ ಕಿತ್ತು ತಿಪ್ಪೆಗೆ ಹಾಕಿದರೆ ಗೊಬ್ಬರವಾಯಿತು.

ಮುಂದೆ ಬಿ.ಎ. ತರಗತಿಯಲ್ಲಿ ಇತಿಹಾಸ ಓದುವಾಗ ಸಾಂಚಿಯ ಸ್ತೂಪದ ಚಿತ್ರ ನೋಡಿ ಬೆರಗಾದೆ. ಅಲ್ಲಿನ ಕಲ್ಲಿನ ಮಹಾದ್ವಾರಗಳ ಹೆಸರೂ ತೋರಣವೇ! ಸುಮಾರು ಎರಡು ಸಾವಿರ ವರ್ಷದ ಹಿಂದಿನವು. ಮೊದಲು ಮರದಲ್ಲಿ ಮಾಡುತ್ತಿದ್ದ ಹೆಬ್ಬಾಗಿಲನ್ನೇ ಕಲ್ಲಿನಲ್ಲಿ ಕಡೆದಂತಿವೆ ಅವು. ದಕ್ಷಿಣ ದ್ವಾರದ ಕೆತ್ತನೆಯನ್ನು ವಿದಿಶಾ ನಗರದ ದಂತದ ಕೆಲಸಗಾರರು ಮಾಡಿದರೆಂದು ಅದರ ಮೇಲಿನ ಶಾಸನವೇ ಹೇಳುತ್ತದೆ. ದೇವಾಲಯದ ದ್ವಾರದ ಮೇಲೆ ಎರಡು ಮೊಸಳೆಯಂಥ ಪ್ರಾಣಿಗಳ ಬಾಯಿಂದ ಬಳ್ಳಿ ಹೊರಟಂತೆ ಕೆತ್ತಿರುವುದು ಮಕರ ತೋರಣ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಗೆ ಹೋದವರು ಅದನ್ನು ಕತ್ತೆತ್ತಿ ನೋಡದೆ ಬಂದಿರಲಾರರು. ರಾಜರು ಕಲ್ಲಿನಲ್ಲಿ ಮಾಡಿಸಿದ್ದನ್ನು ನಮ್ಮ ಅಜ್ಜಿಯಂಥವರು ವರ್ಷವರ್ಷವೂ ಎಲೆಯಲ್ಲಿ ಮಾಡಿದರು. ಎಲೆಯದು ಉಳಿಯಲಿಲ್ಲವಾಗಿ ಅದಕ್ಕೆ ಶಾಸನವಿಲ್ಲ.

ತೋರಣವನ್ನು ಈಗಲೂ ಕಟ್ಟುತ್ತಾರೆ, ಒಂದಿಷ್ಟು ಪ್ಲಾಸ್ಟಿಕ್ಕಿನದಾದರೂ. ಮರೆತೇಹೋದದ್ದು ಬೀಸಣಿಗೆ.

ರಾಮನವಮಿ ಎಂದರೆ ಪಾನಕ, ನೀರುಮಜ್ಜಿಗೆ, ಕೋಸಂಬರಿ ಎಂದು ಎಲ್ಲರಿಗೂ ನೆನಪಿದೆ. ಅದರ ಜೊತೆಗೆ ಒಂದು ಬೀಸಣಿಗೆಯನ್ನೂ ಕೈಗಿಡುವುದು ಹಳೆಯ ಮೈಸೂರಿನ ಮನೆಗಳಲ್ಲಿ ರೂಢಿ. ಚೈತ್ರದ ಬಿಸಿಲಿನಲ್ಲಿ ಬಂದವರಿಗೆ ಒಳಗೂ ಹೊರಗೂ ತಂಪು ಕೊಡಬೇಕೆಂಬ ಲೆಕ್ಕ. ನಮ್ಮ ಮನೆಯಲ್ಲಿ ಅಮ್ಮ ಹನ್ನೊಂದು ಬೀಸಣಿಗೆ ಮಾಡುತ್ತಿದ್ದಳು. ಕೆರೆ ಏರಿಯ ಈಚಲಿನ ಸುಳಿಗರಿಯನ್ನು ತರಿಸಿ, ನೆರಳಿನಲ್ಲಿ ಒಣಗಿಸಿ, ನಡುವಿನ ಕಡ್ಡಿ ತೆಗೆದು ಸೀಳಿ, ಚಾಪೆಯಂತೆ ಓರೆಯಾಗಿ ಹೆಣೆಯುವುದು. ಕೆಲವು ಎಳೆಗಳನ್ನು ಬಣ್ಣದ ನೀರಿನಲ್ಲಿ ಕುದಿಸಿದ್ದರೆ ನಡುವೆ ಚೌಕುಳಿ ಮೂಡುತ್ತಿತ್ತು. ಅಂಚಿಗೆ ಹಳೇ ಸೀರೆಯ ಪಟ್ಟಿ ಹೊಲಿದು, ಸೀಳಿದ ಬಿದಿರಿನ ಹಿಡಿಗೆ ಸಿಕ್ಕಿಸಿದರೆ ಮುಗಿಯಿತು. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಬೇರೆಯೇ ಹೇಳುತ್ತಾರೆಂಬುದು ನಮ್ಮ ಗಾದೆ. ನಮ್ಮ ಮನೆಯಲ್ಲಿ ಮಾತ್ರ ಮಜ್ಜಿಗೆಗೂ ಈಚಲಿಗೂ ಹೀಗೆ ಮರ್ಯಾದೆಯ ನಂಟಿತ್ತು.

ಹನ್ನೊಂದರಲ್ಲಿ ಒಂದೂ ನಮಗಲ್ಲ. ಎಲ್ಲವೂ ಕೊಡುವುದಕ್ಕೆ. ಚೆನ್ನಾಗಿ ಬಂದದ್ದೊಂದನ್ನು ಇಟ್ಟುಕೊಳ್ಳೋಣವೆಂದು ನಾನು ಅತ್ತರೆ ಅಮ್ಮ, "ಕೆಟ್ಟದ್ದನ್ನು ಕೊಡೋಕಾಗುತ್ತಾ?" ಎನ್ನುತ್ತಿದ್ದಳು. ನಮ್ಮ ಕೈಗೆ ಹೋದ ವರ್ಷದ ಮುರುಕಲೇ ಗತಿ.

ಎಲ್ಲ ಮನೆಯವರೂ ಹೆಣೆಯುತ್ತಿರಲಿಲ್ಲ. ಮೇದರು ಬಿದಿರು ಸೀಳಿ ಮೊರ, ಬುಟ್ಟಿಗಳ ಜೊತೆ ಬೀಸಣಿಗೆಯನ್ನೂ ಮಾಡಿ ಮಾರುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದರ ಕೇತಯ್ಯನವರ ಕಾಯಕ ಇದೇ ಬಿದಿರಿನ ಕೆಲಸವಾಗಿತ್ತು. ಉಳ್ಳವರ ಮನೆಗಳಲ್ಲಿ ಲಾವಂಚದ ಬೇರಿನ ಬೀಸಣಿಗೆ ಇರುತ್ತಿತ್ತು. ನೀರು ಚಿಮುಕಿಸಿ ಬೀಸಿದರೆ ಗಾಳಿಗೇ ಪರಿಮಳ. 1922ರಲ್ಲಿ ಈಜಿಪ್ಟಿನಲ್ಲಿ ತೆರೆದ ತುತಾಂಖಾಮನ್ ದೊರೆಯ ಸಮಾಧಿಯಲ್ಲಿಯೂ ಉಷ್ಟ್ರಪಕ್ಷಿಯ ಗರಿ ಸಿಕ್ಕಿಸುವ ಬೀಸಣಿಗೆಗಳು ದೊರೆತವು. ಅಲ್ಲಿ ಅದು ದೊರೆಗೆ ಬೇರೆಯವರು ಬೀಸುವ ವಸ್ತು. ನಮ್ಮಲ್ಲಿಯೂ ಚಾಮರ ಹಿಡಿದವರ ವಿಗ್ರಹಗಳಿಗೆ ಕೊರತೆಯಿಲ್ಲ. ಆದರೆ ದಾರಿಹೋಕನನ್ನು ಕರೆದು ಅವನ ಕೈಗೇ ಬೀಸಣಿಗೆ ಕೊಡುವ ಹಬ್ಬ ಬೇರೆ ಬಗೆಯದೆಂದು ನನಗನ್ನಿಸುತ್ತದೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬಂತು. ಆಮೇಲೆ ನಿಧಾನವಾಗಿ ಸೂರಿಗೆ ಫ್ಯಾನು ಬಂತು, ಕೈಯ ಬೀಸಣಿಗೆ ಅಟ್ಟ ಸೇರಿತು. ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವಕ್ಕೆ ಚಿಕ್ಕಂದಿನಲ್ಲಿ ಒಮ್ಮೆ ಸೋದರಮಾವ ಕರೆದೊಯ್ದಿದ್ದರು. ಹಾಡು ನೆನಪಿಲ್ಲ, ಚಪ್ಪರದಡಿ ನೂರಾರು ಕೈಗಳು ಒಟ್ಟಿಗೆ ಗಾಳಿ ಬೀಸಿಕೊಳ್ಳುತ್ತಿದ್ದದ್ದು ನೆನಪಿದೆ.

ಮನೆಯಲ್ಲಿ ನಿಂತ ಕೆಲಸ ಶಾಲೆಯಲ್ಲಿ ಪಾಠವಾಗುತ್ತದೆ ಎಂಬುದು ನನ್ನ ಅನುಭವ. 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿ ಕೈಗೆಲಸದ ಮೂಲಕವೇ ಶಿಕ್ಷಣ ಕೊಡಬೇಕೆಂದರು. ಅವರು ಹೇಳಿದ್ದು ಬದುಕಿಗೆ ಬೇಕಾದ ಕೆಲಸ. 1977ರ ಈಶ್ವರಭಾಯಿ ಪಟೇಲ್ ಸಮಿತಿಯ ನಂತರ ಎಸ್.ಯು.ಪಿ.ಡಬ್ಲ್ಯೂ. ಎಂಬ ಉದ್ದನೆಯ ಹೆಸರು ಬಂತು. ನಮ್ಮ ತಲೆಮಾರಿನ ಹೆಣ್ಣುಮಕ್ಕಳೆಲ್ಲ ಆ ಅವಧಿಯಲ್ಲಿ ಒಂದೇ ಕರವಸ್ತ್ರಕ್ಕೆ ಮೂರು ವರ್ಷ ಹೂ ಹಾಕಿದವರು. ಆಮೇಲೆ 'ಚಟುವಟಿಕೆ' ಬಂತು, ಹತ್ತಕ್ಕೆ ಇಷ್ಟು ಎಂದು ಅಂಕ ಬಂತು.

2023ರ ಮಾರ್ಚ್ 22ಕ್ಕೆ ಯುಗಾದಿ, 30ಕ್ಕೆ ರಾಮನವಮಿ. ಐದನೆಯ ತರಗತಿಯ ಮಕ್ಕಳಿಗೆ ನಾನು, ಮನೆಯವರೊಡನೆ ಕೂತು ಒಂದು ಬೀಸಣಿಗೆ ಮಾಡಿ ತನ್ನಿ ಎಂದೆ. ಜಿಗಣಿಯ ಶಾಲೆಯೆಂದರೆ ಈಗ ಅರ್ಧ ದೇಶ. ಕೈಗಾರಿಕಾ ಪ್ರದೇಶದ ಗ್ರಾನೈಟ್ ಕಾರ್ಖಾನೆಗಳಲ್ಲಿ ಕಲ್ಲು ಕೊಯ್ದು, ಉಜ್ಜಿ, ಹೊಳಪು ಕೊಡುವವರ ಮಕ್ಕಳು ಒಡಿಶಾ, ಬಿಹಾರ, ರಾಯಚೂರು, ಕಲಬುರಗಿ ಎಲ್ಲ ಕಡೆಯವರು. ಬಂದ ಬೀಸಣಿಗೆಗಳಲ್ಲಿ ಮದುವೆ ಕಾಗದದವು ಹೆಚ್ಚು. ಮೊಬೈಲಿನಲ್ಲಿ ನೋಡಿ ಮಿರುಗುವ ಕಾಗದ ಅಂಟಿಸಿ ಮಾಡಿದ್ದೊಂದಕ್ಕೆ ಒಂಬತ್ತು ಕೊಟ್ಟೆ. ಒಡಿಶಾದ ಹುಡುಗಿಯೊಬ್ಬಳು ತಂದದ್ದು ನೀಲಿ, ಹಳದಿ ಪ್ಲಾಸ್ಟಿಕ್ ಪಟ್ಟಿಯದು, ಪೆಟ್ಟಿಗೆ ಬಿಗಿಯುತ್ತಾರಲ್ಲ, ಆ ಪಟ್ಟಿ. ಸುತ್ತಲೂ ಕೆಂಪು ಬಟ್ಟೆಯ ನಿರಿಗೆ. ಪ್ಲಾಸ್ಟಿಕ್ ಬೇಡವೆಂದು ವರ್ಷವೆಲ್ಲ ಹೇಳುವವಳು ನಾನು. ಜೊತೆಗೆ ಇಷ್ಟು ಅಚ್ಚುಕಟ್ಟಾದದ್ದು ಅಂಗಡಿಯದೇ ಇರಬೇಕೆಂದುಕೊಂಡೆ. ಏನನ್ನೂ ಕೇಳದೆ ನಾಲ್ಕು ಹಾಕಿದೆ. ಅವಳೂ ಏನೂ ಹೇಳಲಿಲ್ಲ.

ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿ ಮುಗಿಸಿ ಬರುವಾಗ ಆ ಹುಡುಗಿ ರಸ್ತೆಯಲ್ಲಿ ಸಿಕ್ಕಿ ಕೈ ಹಿಡಿದು ಎಳೆದಳು. ಅಂದು ಅವರಿಗೆ ಪಣಾ ಸಂಕ್ರಾಂತಿ, ಒಡಿಶಾದ ಹೊಸ ವರ್ಷ. ತಗಡಿನ ಮಾಡಿನ ಒಂದೇ ಕೋಣೆ. ಅವಳ ತಾಯಿ ಲೋಟದಲ್ಲಿ ಪಣಾ ಕೊಟ್ಟಳು. ರಾಮನವಮಿಗೆ ನಾವು ಬೇಲದ ಹಣ್ಣಿನ ಪಾನಕ ಮಾಡಿದರೆ ಅವರು ಬಿಲ್ವದ ಹಣ್ಣಿನದು ಮಾಡುತ್ತಾರೆ, ಇಷ್ಟೇ ವ್ಯತ್ಯಾಸ. ಆಮೇಲೆ ಮೂಲೆಯಿಂದ ಒಂದು ಬೀಸಣಿಗೆ ತಂದು ಎರಡೂ ಕೈಯಿಂದ ಕೊಟ್ಟಳು. ಅದೇ ನೀಲಿ, ಹಳದಿ. ಅದೇ ಕೆಂಪು ನಿರಿಗೆ. ಸಂಕ್ರಾಂತಿಯಂದು ಬಂದವರಿಗೆ ಪಣಾ, ಬೀಸಣಿಗೆ ಕೊಡುವುದು ಅವರಲ್ಲಿ ಪುಣ್ಯ. ಊರಿನಲ್ಲಾದರೆ ತಾಳೆಗರಿಯಲ್ಲಿ ಮಾಡುತ್ತಿದ್ದಳಂತೆ. ಇಲ್ಲಿ ತಾಳೆ ಎಲ್ಲಿಂದ ಬರಬೇಕು? ಗಂಡ ಕಾರ್ಖಾನೆಯಲ್ಲಿ ಎಸೆದ ಪಟ್ಟಿಗಳನ್ನು ಆಯ್ದು ತರುತ್ತಾನೆ, ಅವಳು ಸೀಳಿ ಹೆಣೆಯುತ್ತಾಳೆ. ಹೆಣಿಗೆ ನೋಡಿದೆ. ಅಮ್ಮನ ಈಚಲಿನ ಹೆಣಿಗೆಯೇ, ಓರೆಯಾಗಿ ಎರಡು ಎಳೆ ಬಿಟ್ಟು ಎರಡು.

ನೀವು ಮನೆಯಲ್ಲಿ ಮಾಡುವುದಾದರೆ ಹೀಗೆ ಮಾಡಿ. ಹಳೆಯ ಕ್ಯಾಲೆಂಡರಿನ ದಪ್ಪ ಕಾಗದವನ್ನು ಅರ್ಧ ಅಂಗುಲದ ಪಟ್ಟಿಗಳಾಗಿ ಕತ್ತರಿಸಿ. ಒಂದು ಮೊಳದಷ್ಟು ಉದ್ದವಿರಲಿ. ಹನ್ನೆರಡು ಅಡ್ಡ, ಹನ್ನೆರಡು ಉದ್ದ. ಎರಡು ಬಿಟ್ಟು ಎರಡು ದಾಟಿಸಿ, ಪ್ರತಿ ಸಾಲಿಗೂ ಒಂದು ಎಳೆ ಸರಿಸುತ್ತ ಹೋದರೆ ಓರೆಗೆರೆ ತಾನಾಗಿ ಮೂಡುತ್ತದೆ. ಅಂಚು ಸವರಿ, ಹತ್ತಿ ಬಟ್ಟೆಯ ನಿರಿಗೆ ಹೊಲಿದು, ತೆಂಗಿನ ಗರಿಯ ದಂಟನ್ನು ಸೀಳಿ ಹಿಡಿ ಮಾಡಿ. ಕತ್ತರಿಸುವುದು ಹಿರಿಯರಿಗೆ, ಹೆಣೆಯುವುದು ಮಕ್ಕಳಿಗೆ. ಮೊದಲನೆಯದು ಸೊಟ್ಟಗಾಗುತ್ತದೆ. ಅದನ್ನು ನೀವೇ ಇಟ್ಟುಕೊಳ್ಳಿ.

ಆ ತಾಯಿಗೆ ಕನ್ನಡ ಅಷ್ಟಾಗಿ ಬಾರದು. ನಾನು ಹೊರಡುವಾಗ ಮಗಳ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ನೆಲ ನೋಡುತ್ತ, "ಶಾಲೆಗೆ ತಂದದ್ದು ಚೆನ್ನಾಗಿತ್ತಾ ಅಂತ ಅಮ್ಮ ಕೇಳ್ತಾ ಇದ್ದಾಳೆ ಮಿಸ್" ಎಂದಳು. ಅಂಕಪಟ್ಟಿ ಕೊಟ್ಟು ಆಗಲೇ ನಾಲ್ಕು ದಿನವಾಗಿತ್ತು. ತುಂಬ ಚೆನ್ನಾಗಿತ್ತು ಎಂದೆ. ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ ಅವರ ಭಾಷೆಯಲ್ಲಿ ಅದನ್ನು ಹೇಳಿದಳು.