ಅಗ್ರಹಾರಕ್ಕೆ ಶಾಸನ ಇತ್ತು, ಶಾಲೆಗೆ ಪಹಣಿ ಇದೆಯೇ?

ಬೆಂಗಳೂರಿನ ಅಂಚಿನ ಎರಡು ದೊಡ್ಡ ಐಟಿ ಜಾಗಗಳ ಹಳೇ ಹೆಸರು ನೋಡಿ. ಎಲೆಕ್ಟ್ರಾನಿಕ್ ಸಿಟಿ ಎದ್ದಿದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ನೆಲದಲ್ಲಿ. ವೈಟ್‌ಫೀಲ್ಡ್‌ನ ಐಟಿಪಿಎಲ್ ಇರುವುದು ಪಟ್ಟಂದೂರು ಅಗ್ರಹಾರದಲ್ಲಿ. ಅಗ್ರಹಾರ ಅಂದರೆ ಓದು ಬಲ್ಲ ಬ್ರಾಹ್ಮಣರಿಗೆ ಆಳುವವರು ಬಿಟ್ಟುಕೊಟ್ಟ ಊರು. ಹಾಗೆ ಊರು ಕೊಟ್ಟಾಗ ಕಲ್ಲಿನ ಮೇಲೋ ತಾಮ್ರದ ತಗಡಿನ ಮೇಲೋ ಶಾಸನ ಬರೆಸುವುದು ವಾಡಿಕೆ. ನಾಲ್ಕೂ ದಿಕ್ಕಿನ ಎಲ್ಲೆ ಯಾವುದು, ದಾನ ಕಿತ್ತುಕೊಂಡವನಿಗೆ ಎಂಥ ಪಾಪ ಅಂತಲೂ ಅದರಲ್ಲಿ ಇರುತ್ತಿತ್ತು.

ಆ ಹೊಲ ಉತ್ತವರ ಮಕ್ಕಳಿಗೆ ಆ ಓದು ಸಿಗುತ್ತಿರಲಿಲ್ಲ. ಕೆಲವು ಊರುಗಳಲ್ಲಿ ಕೂಲಿಮಠ ಇರುತ್ತಿತ್ತು. ಮರಳಿನ ಮೇಲೆ ಅಕ್ಷರ ತಿದ್ದಿಸುವುದು, ಬಾಯಿಪಾಠದ ಮಗ್ಗಿ. ಮೇಷ್ಟ್ರಿಗೆ ಕಾಳೋ ಕಾಸೋ ಕೊಡಬೇಕು. ಅದೂ ಎಲ್ಲ ಜಾತಿಗೂ ಅಲ್ಲ.

1868ರಲ್ಲಿ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಹೋಬಳಿಗೊಂದು ಸರ್ಕಾರಿ ಶಾಲೆ ಮಾಡುವ ಯೋಜನೆ ತಂದರು. ಊರೂರು ಸುತ್ತಿ ಶಾಸನಗಳನ್ನು ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದ ರೈಸ್ ಇವರೇ. ನಮಗೆ ಹೋಬಳಿ ಅಂದರೆ ಈಗ ನಾಡಕಚೇರಿ, ಜಾತಿ-ಆದಾಯ ಪ್ರಮಾಣಪತ್ರ. ಆಗ ಅದು ಶಾಲೆಯ ಲೆಕ್ಕವೂ ಆಯಿತು. ವರ್ತೂರು, ಬಿದರಹಳ್ಳಿ, ಸರ್ಜಾಪುರ, ಅತ್ತಿಬೆಲೆ, ಜಿಗಣಿ, ಇವೆಲ್ಲ ಇವತ್ತಿಗೂ ಹೋಬಳಿಗಳೇ. ಮುಂದೆ ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು ಬಂತು. ಕಾನೂನು ಬಂದ ಮಾತ್ರಕ್ಕೆ ಹಳ್ಳಿಗೆ ಕಟ್ಟಡ ಬರಲಿಲ್ಲ. ಎಷ್ಟೋ ಊರಲ್ಲಿ ಶಾಲೆ ನಡೆದದ್ದು ಗುಡಿಯ ಜಗುಲಿಯಲ್ಲಿ, ಚಾವಡಿಯಲ್ಲಿ.

ನಡುವೆ 1882ರಲ್ಲಿ ಇನ್ನೊಂದು ಭೂದಾನ ನಡೆಯಿತು. ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು. ಸಂಘದ ಮುಖಂಡ ಡೇವಿಡ್ ವೈಟ್ ಹೆಸರಲ್ಲೇ ಊರು ವೈಟ್‌ಫೀಲ್ಡ್ ಆಯಿತು. ಅಲ್ಲೂ ದಾಖಲೆ ಇತ್ತು. ಯಾರು ಕೊಟ್ಟರು, ಯಾರಿಗೆ, ಎಷ್ಟು ಎಂಬುದು ಇವತ್ತಿಗೂ ಹೇಳಬಹುದು.

ಸ್ವಾತಂತ್ರ್ಯ ಬಂದ ಮೇಲೆ ಹಳ್ಳಿಗಳಲ್ಲಿ ನಡೆದ ದಾನದ ಕತೆ ಬೇರೆ. ಊರಿಗೆ ಸರ್ಕಾರ ಶಾಲೆ ಮಂಜೂರು ಮಾಡುತ್ತಿತ್ತು, ಜಾಗ ನೀವು ತೋರಿಸಿ ಅನ್ನುತ್ತಿತ್ತು. ಯಾರೋ ಒಬ್ಬ ಗೌಡರು, ಒಬ್ಬ ಸಣ್ಣ ರೈತ, ಹೊಲದ ಮೂಲೆಯಲ್ಲಿ ಹತ್ತು ಗುಂಟೆಯೋ ಇಪ್ಪತ್ತು ಗುಂಟೆಯೋ ತೋರಿಸಿ 'ಇಲ್ಲಿ ಕಟ್ಟಿಕೊಳ್ಳಿ' ಅಂದರು. ಪತ್ರ ಯಾಕೆ? ಮಾತೇ ಪತ್ರ. ಊರಿನವರೇ ಕಲ್ಲು ಹೊತ್ತು ಗೋಡೆ ಎಬ್ಬಿಸಿದ ಶಾಲೆಗಳೂ ಇವೆ. ಶಾಲೆಯ ಫ್ಯಾನಿನ ರೆಕ್ಕೆ ಮೇಲೆ ಅದನ್ನು ಕೊಟ್ಟವರ ಹೆಸರು ಕೆಂಪು ಬಣ್ಣದಲ್ಲಿ ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಜಾಗ ಕೊಟ್ಟವನ ಹೆಸರು ಮಾತ್ರ ಎಷ್ಟೋ ಕಡೆ ಎಲ್ಲೂ ಕಾಣುವುದಿಲ್ಲ.

ಆಗ ಆ ಗುಂಟೆಗೆ ರಾಗಿ ಬೆಳೆಯುವಷ್ಟೇ ಬೆಲೆ. 1978ರಲ್ಲಿ ಕಿಯೋನಿಕ್ಸ್ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿತು. ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳು ಸಾಲುಗಟ್ಟಿದವು. 1994ರಲ್ಲಿ ಇನ್ಫೋಸಿಸ್ ಎಲೆಕ್ಟ್ರಾನಿಕ್ ಸಿಟಿಗೆ ಬಂತು, 1998ರಲ್ಲಿ ಐಟಿಪಿಎಲ್ ತೆರೆಯಿತು. ಆಮೇಲೆ ಇಲ್ಲಿ ನೆಲವನ್ನು ಎಕರೆಯಲ್ಲಿ ಅಳೆಯುವುದು ಹೋಗಿ ಚದರಡಿಗೆ ಬಂತು.

ಊರಿನ ಆಡಳಿತವೂ ಕೈ ಬದಲಾಯಿಸುತ್ತಲೇ ಹೋಯಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. ಪೀಣ್ಯದ ಕಡೆಯ ದಾಸರಹಳ್ಳಿ, ವೈಟ್‌ಫೀಲ್ಡ್ ಕಡೆಯ ಮಹದೇವಪುರ ಆ ಏಳರಲ್ಲೇ ಇದ್ದವು. 2025ರಲ್ಲಿ ಬಿಬಿಎಂಪಿಯೂ ಹೋಗಿ ಐದು ಪಾಲಿಕೆ ಆದವು. ಶಾಲೆಗಳು ಮಾತ್ರ ಶಿಕ್ಷಣ ಇಲಾಖೆಯ ಕೈಯಲ್ಲೇ ಉಳಿದವು. ಕಂದಾಯಕ್ಕೆ ಬೆಂಗಳೂರು ನಗರ ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಗೆ ಅದು ಉತ್ತರ, ದಕ್ಷಿಣ ಎಂಬ ಎರಡು ಜಿಲ್ಲೆ. ಪೀಣ್ಯ ಉತ್ತರಕ್ಕೆ, ಆನೇಕಲ್ ದಕ್ಷಿಣಕ್ಕೆ. ಅಂದರೆ ಶಾಲೆ ನಡೆಸುವವರು ಒಬ್ಬರು, ಜಾಗದ ಪುಸ್ತಕ ಇಟ್ಟುಕೊಂಡವರು ಇನ್ನೊಬ್ಬರು. ಜಾಗ ಕಳೆದುಹೋಗಲು ಇದಕ್ಕಿಂತ ಅನುಕೂಲ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಬೆಂಚಿನ ಮೇಲೆ ಕೂತವರು. ಜಾಗ ಕೊಟ್ಟ ಅಜ್ಜನ ಮರಿಮಕ್ಕಳು ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ. ಸರ್ಕಾರಿ ಶಾಲೆಗೆ ಬರುವವರು ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು, ಗಾರ್ಮೆಂಟ್ಸ್ ಅಕ್ಕಂದಿರ ಮಕ್ಕಳು, ಬಿಹಾರ-ಒಡಿಶಾದ ಸೆಕ್ಯುರಿಟಿ ಅಣ್ಣಂದಿರ ಮಕ್ಕಳು. ಮನೆಯಲ್ಲಿ ಹಿಂದಿಯೋ ತೆಲುಗೋ ಆಡಿ, ಶಾಲೆಯಲ್ಲಿ ಕನ್ನಡ ಬರೆಯುವ ಮಗು ಈ ಭಾಗದಲ್ಲಿ ಹೊಸದೇನಲ್ಲ. ಇವರು ಇಲ್ಲದಿದ್ದರೆ ಎಷ್ಟೋ ಶಾಲೆಗೆ ಬೀಗ ಬೀಳುತ್ತಿತ್ತು. ಆದರೆ ಶಾಲೆಯ ಜಾಗದ ಮೇಲೆ ಯಾರಾದರೂ ಕಣ್ಣು ಹಾಕಿದರೆ ಊರಿನ ಹಳೇ ಮಾತು ಗೊತ್ತಿರುವ ಅಪ್ಪ-ಅಮ್ಮ ಆ ಮಕ್ಕಳಿಗೆ ಇಲ್ಲ. 2001ರಿಂದ ಎಸ್‌ಡಿಎಂಸಿ ಇದೆ, ಪೋಷಕರೇ ಸದಸ್ಯರು. ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋಗುವ ತಾಯಿ ತಾಲ್ಲೂಕು ಕಚೇರಿಗೆ ಯಾವಾಗ ಅಲೆಯಬೇಕು?

ಕಾನೂನು ಖಡಾಖಂಡಿತ. ಸ್ವತ್ತು ವರ್ಗಾವಣೆ ಕಾಯ್ದೆಯ 123ನೇ ಕಲಂ ಪ್ರಕಾರ ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ, ಇಬ್ಬರು ಸಾಕ್ಷಿ ಬೇಕು. (ಆ ಕಾಯ್ದೆ ಹುಟ್ಟಿದ್ದೂ 1882ರಲ್ಲೇ.) ಪತ್ರ ಇಲ್ಲದ ಕಡೆ ಅಜ್ಜನ ಮಾತು ಮೊಮ್ಮಕ್ಕಳ ಕಾಲಕ್ಕೆ ತಕರಾರು ಆಗುತ್ತದೆ. ಯಾವುದೋ ಕಂಪನಿ ಸಿಎಸ್‌ಆರ್ ಹಣದಲ್ಲಿ ಕೊಠಡಿ ಕಟ್ಟಿಸಲು ಬಂದರೂ ಮೊದಲು ಕೇಳುವುದು ಜಾಗ ಯಾರದ್ದು ಅಂತಲೇ.

ಇದು ಬರೀ ಬೆಂಗಳೂರಿನ ಅಂಚಿನ ಸಮಸ್ಯೆ ಅಂದುಕೊಳ್ಳಬೇಡಿ. ನಿಮ್ಮೂರ ಪಕ್ಕ ಬೈಪಾಸ್ ಬಂದ ದಿನ ಅಲ್ಲಿಗೂ ಬರುತ್ತದೆ. ಶಾಲೆ ಸರ್ವೆ ನಂಬರ್‌ನಲ್ಲಿದ್ದರೆ ಫೋನಿನಲ್ಲೇ ಭೂಮಿ ವೆಬ್‌ಸೈಟ್ ತೆರೆದು ಪಹಣಿ ನೋಡಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಬರೆದಿದೆ ಓದಿ. ಗ್ರಾಮಠಾಣದ ಜಾಗವಾದರೆ ಪಂಚಾಯಿತಿಯಲ್ಲಿ ಇ-ಸ್ವತ್ತು ಕೇಳಿ. ಇನ್ನೂ ಅಜ್ಜನ ಹೆಸರೇ ಇದ್ದರೆ ಆ ಮನೆಯ ಹಿರಿಯರು ಇರುವಾಗಲೇ ಮುಖ್ಯಶಿಕ್ಷಕರನ್ನು ಕರೆದುಕೊಂಡು ಹೋಗಿ ಮಾತಾಡಿ. ಇವತ್ತು ಮೂರು ಸಹಿಯಲ್ಲಿ ಮುಗಿಯುವ ದಾನಪತ್ರಕ್ಕೆ, ಮುಂದಿನ ತಲೆಮಾರಿಗೆ ಮೂವತ್ತು ಸಹಿ ಬೇಕಾದೀತು. ಅದರಲ್ಲಿ ನಾಲ್ಕು ಜನ ಅಮೆರಿಕದಲ್ಲಿರುತ್ತಾರೆ.